ಪಾಯಿಂಟಿನ ಮೇಲೆ ನಿಲ್ಲುವ ಡೀಸೆಲ್ ಎಂಜಿನ್: ಡಿಕೋಡರ್‌ಗಿಂತ ಮೊದಲು ಗಾಲಿ ನೋಡಿ

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮನೆಯ ಲಾಫ್ಟಿನಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಹಲಗೆಯ ಮೇಲೆ ಓಓ ಗೇಜಿನ (ನಿಜದ ಅಳತೆಯ 76ರಲ್ಲೊಂದು ಪಾಲಿನ) ಮಾದರಿ ರೈಲಿನ ಹಳಿ ಹಾಕಿದ್ದೇನೆ. ಈಚೆಗೆ ಮೂರು ಡೀಸೆಲ್ ಎಂಜಿನ್ ಸೆಕೆಂಡ್‌ಹ್ಯಾಂಡ್ ಕೊಂಡೆ. ಕ್ಲಾಸ್ 37 ನಿಧಾನಕ್ಕೆ ಹೋಗುವಾಗ ತಡವರಿಸುತ್ತದೆ. ಯಾರ್ಡಿನಲ್ಲಿ ಡಬ್ಬಿ ಸರಿಸುವ ಪುಟ್ಟ ಎಂಜಿನ್ ಕ್ಲಾಸ್ 08 ಶಂಟರ್ ಪ್ರತಿ ಪಾಯಿಂಟಿನ (ಹಳಿ ಕವಲೊಡೆಯುವ ಜಾಗ) ಮೇಲೂ ನಿಲ್ಲುತ್ತದೆ, ಬೆರಳಿನಿಂದ ತಳ್ಳಬೇಕು. 1980ರ ದಶಕದ, ಲೀಮಾ ಕಂಪನಿಯ ಕ್ಲಾಸ್ 47 ಗರಗರ ಸದ್ದು ಮಾಡುತ್ತದೆ, ಎರಡು ಕೋಚ್ ಎಳೆಯಲೂ ಒದ್ದಾಡುತ್ತದೆ. ಮೂರಕ್ಕೂ ಡಿಸಿಸಿ (ಹಳಿಯ ಮೂಲಕ ಪ್ರತಿ ಎಂಜಿನ್ನಿಗೂ ಬೇರೆ ಬೇರೆ ಡಿಜಿಟಲ್ ಆಜ್ಞೆ ಕಳಿಸುವ ಪದ್ಧತಿ) ಸೌಂಡ್ ಡಿಕೋಡರ್ ಹಾಕಿಸಿದರೆ ಸರಿಹೋಗುತ್ತದೆಯೇ? ಮುಂದೆ ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಡಿಕೋಡರ್ ಸದ್ಯಕ್ಕೆ ಬೇಡ. 12 ವೋಲ್ಟ್ ಡಿಸಿಯಲ್ಲಿ, ಅಂದರೆ ಮಾಮೂಲಿ ನೇರ ಕರೆಂಟಿನಲ್ಲಿ, ನೆಟ್ಟಗೆ ಓಡದ ಎಂಜಿನ್ ಡಿಸಿಸಿಯಲ್ಲಿ ಇನ್ನೂ ಕೆಟ್ಟದಾಗಿ ಓಡುತ್ತದೆ. ಡಿಕೋಡರ್ ಅನ್ನುವುದು ಎಂಜಿನ್ನಿನೊಳಗೆ ಕೂತು ಆ ಆಜ್ಞೆ ಓದುವ ಒಂದು ಪುಟ್ಟ ಕಂಪ್ಯೂಟರ್. ಕರೆಂಟು ಒಂದು ಗಳಿಗೆ ತಪ್ಪಿದರೆ ಬರೀ ಮೋಟರ್ ತನ್ನ ಫ್ಲೈವೀಲಿನ ವೇಗದಲ್ಲೇ ಮುಂದಕ್ಕೆ ಜಾರಿಕೊಳ್ಳುತ್ತದೆ. ಡಿಕೋಡರ್ ಹಾಗಲ್ಲ. ಅದು ಆರಿಹೋಗಿ, ಮತ್ತೆ ಮೊದಲಿನಿಂದ ಎದ್ದು, ಎಂಜಿನ್ ಸ್ಟಾರ್ಟ್ ಆಗುವ ಸದ್ದನ್ನು ಪ್ರತಿ ಪಾಯಿಂಟಿನ ಮೇಲೂ ಕೇಳಿಸುತ್ತದೆ. ದುಡ್ಡು ಕೊಟ್ಟು ಆ ಕಿರಿಕಿರಿ ತಂದುಕೊಳ್ಳಬೇಡಿ.

ನೀವು ಹೇಳಿದ ಮೂರು ದೂರುಗಳಲ್ಲಿ ಎರಡು ಮೋಟರಿನವಲ್ಲ, ಕರೆಂಟು ಹರಿಯುವ ದಾರಿಯವು. ಆ ದಾರಿ ಹೀಗಿದೆ: ಹಳಿಯ ತಲೆ, ಅಲ್ಲಿಂದ ಗಾಲಿಯ ಅಂಚು, ಗಾಲಿಯ ಹಿಂಬದಿಗೆ ಒರಗಿ ನಿಂತ ತೆಳು ಹಿತ್ತಾಳೆ ಬಣ್ಣದ ಪಿಕಪ್ ಪಟ್ಟಿ, ತಂತಿ, ಸರ್ಕ್ಯೂಟ್ ಬೋರ್ಡ್, ಕೊನೆಗೆ ಮೋಟರಿನ ಬ್ರಷ್. ಇದರಲ್ಲಿ ಮೊದಲ ಮೂರು ಜಾಗಗಳಲ್ಲಿ ಜಿಡ್ಡು ಕೂರುತ್ತದೆ. ಒಂದು ಮಾತು: ಇಲ್ಲಿ ನಾನು ಬೋಗಿ ಎಂದರೆ ನಮ್ಮೂರಲ್ಲಿ ಹೇಳುವ ರೈಲುಡಬ್ಬಿಯಲ್ಲ. ಎಂಜಿನ್ನಿನ ಅಡಿಯಲ್ಲಿ ಹಿಂದೊಂದು ಮುಂದೊಂದು ಇರುವ, ಎರಡೋ ಮೂರೋ ಆಕ್ಸಲ್ಲಿನ ತಿರುಗುವ ಚೌಕಟ್ಟು.

ಮೊದಲು ಕ್ಲಾಸ್ 37. ಈಗಿನ ಮಾದರಿಯಾದರೆ ಎರಡೂ ಬೋಗಿಗೆ ಮೋಟರಿನ ಬಲ ಹೋಗುತ್ತದೆ, ಹನ್ನೆರಡು ಗಾಲಿಗಳಿಂದಲೂ ಕರೆಂಟು ಬರುತ್ತದೆ. ಇಷ್ಟೊಂದು ಗಾಲಿಯಿದ್ದೂ ತಡವರಿಸುತ್ತಿದೆ ಎಂದರೆ ಗಾಲಿಗೆ ಕಪ್ಪು ಮೆತ್ತಿಕೊಂಡಿದೆ. ಅಡುಗೆಮನೆಯ ಪೇಪರ್ ಟವೆಲ್ಲಿನ ಒಂದು ಹಾಳೆಯನ್ನು ಎರಡೂ ಹಳಿಯ ಮೇಲೆ ಅಡ್ಡ ಹಾಸಿ, ಹಳಿಯ ಜಾಗದಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಹನಿಸಿ. ಮುಂದಿನ ಬೋಗಿ ಒದ್ದೆ ಕಾಗದದ ಮೇಲೆ, ಹಿಂದಿನ ಬೋಗಿ ಬರೀ ಹಳಿಯ ಮೇಲೆ ಇರಲಿ. ಎಂಜಿನ್ ಓಡಿಹೋಗದಂತೆ ಎರಡು ಬೆರಳಲ್ಲಿ ಹಿಡಿದು ಕಂಟ್ರೋಲರನ್ನು ಅರ್ಧಕ್ಕೆ ತಿರುಗಿಸಿ. ಗಾಲಿ ನಿಂತಲ್ಲೇ ಸುತ್ತುತ್ತದೆ, ಕಾಗದದ ಮೇಲೆ ಕಾಡಿಗೆ ಎಳೆದಂತೆ ಎರಡು ಕಪ್ಪು ಗೆರೆ ಬೀಳುತ್ತವೆ. ಕಾಗದ ಸರಿಸಿ, ಮತ್ತೆ ಹನಿಸಿ, ಮತ್ತೆ ಸುತ್ತಿಸಿ. ಗೆರೆ ಬೂದು ಬಣ್ಣಕ್ಕೆ ತಿರುಗಿ ಆಮೇಲೆ ಮಾಯವಾಗುವ ತನಕ ಬಿಡಬೇಡಿ. ಸೆಕೆಂಡ್‌ಹ್ಯಾಂಡ್ ಎಂಜಿನ್ನಿಗೆ ಐದಾರು ಸಲ ಬೇಕಾದೀತು. ಆಮೇಲೆ ತಿರುಗಿಸಿ ಇನ್ನೊಂದು ಬೋಗಿಗೂ ಹಾಗೇ ಮಾಡಿ. ಆಲ್ಕೊಹಾಲ್ ಬಾಡಿಯ ಮೇಲೆ ಬೀಳದಂತೆ ನೋಡಿಕೊಳ್ಳಿ, ಅಚ್ಚು ಹಾಕಿದ ನಂಬರು ಎದ್ದುಬರುತ್ತದೆ. ಲಾಫ್ಟಿನ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಗಾಲಿ ಬೆಳ್ಳಗಾದ ಮೇಲೂ ತಡವರಿಸಿದರೆ ಪಿಕಪ್ ಪಟ್ಟಿ ನೋಡಿ. ಎಂಜಿನ್ನನ್ನು ಸ್ಪಂಜಿನ ಮೇಲೆ ಮೇಲೆಕೆಳಗಾಗಿ ಮಲಗಿಸಿ. ಕೂದಲು, ಕಾರ್ಪೆಟ್ಟಿನ ನೂಲು ಆಕ್ಸಲ್ಲಿಗೆ ಸುತ್ತಿಕೊಂಡಿದ್ದರೆ ಚಿಮಟದಿಂದ ಎಳೆದು ತೆಗೆಯಿರಿ. ಬಾಡಿ ಬಿಚ್ಚಿ, ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಒಂದು ಮುಳ್ಳನ್ನು ಗಾಲಿಗೂ ಇನ್ನೊಂದನ್ನು ಬೋರ್ಡಿನಲ್ಲಿ ಅದೇ ಬದಿಯ ತಂತಿ ಕೂರುವ ಜಾಗಕ್ಕೂ ಮುಟ್ಟಿಸಿ. ಹನ್ನೆರಡು ಗಾಲಿಗೂ ಹೀಗೆ ಮಾಡಿ. ಒಂದೆರಡು ಓಮಿಗಿಂತ ಹೆಚ್ಚು ತೋರಿಸುವ, ಇಲ್ಲವೇ ಗಾಲಿ ತಿರುಗಿಸಿದಾಗ ಬಂದುಹೋಗುವ ಸಂಪರ್ಕವೇ ಕಳ್ಳ. ಆ ಪಟ್ಟಿಯ ತುದಿಯನ್ನು ಒರೆಸಿ, ಗಾಲಿಯ ಕಡೆಗೆ ಅರ್ಧ ಮಿಲಿಮೀಟರಿನಷ್ಟು ಬಗ್ಗಿಸಿ. ಅದಕ್ಕಿಂತ ಹೆಚ್ಚು ಬಗ್ಗಿಸಿದರೆ ಪಟ್ಟಿಯೇ ಬ್ರೇಕಿನಂತೆ ಹಿಡಿಯುತ್ತದೆ.

ಹಳಿಯನ್ನೂ ಅದೇ ಆಲ್ಕೊಹಾಲಿನಿಂದ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ. ಉಜ್ಜುವ ರಬ್ಬರು ಇಲ್ಲವೇ ಮರಳು ಕಾಗದ ಹಳಿಯ ಮೇಲೆ ಗೀರು ಮಾಡುತ್ತದೆ, ಆ ಗೀರಿನಲ್ಲೇ ಮುಂದಿನ ಕೊಳೆ ಕೂರುತ್ತದೆ. ತುಕ್ಕಿನಂತೆ ಗಟ್ಟಿಯಾಗಿ ಕೂತ ಕೊಳೆಗೆ, ಪೇಂಟ್ ಹನಿಗೆ ಮಾತ್ರ ರಬ್ಬರು.

ಕ್ಲಾಸ್ 08ರ ಕಥೆ ಬೇರೆ. ನಿಜವಾದ 08ರ ಮೊದಲ ಆಕ್ಸಲ್ಲಿನಿಂದ ಕೊನೆಯ ಆಕ್ಸಲ್ಲಿಗೆ 11 ಅಡಿ 6 ಅಂಗುಲ. ಓಓದಲ್ಲಿ ಅಡಿಗೆ 4 ಮಿಲಿಮೀಟರ್ ಲೆಕ್ಕವಾದ್ದರಿಂದ ನಿಮ್ಮ ಕೈಲಿರುವುದರ ಅಳತೆ ಬರೀ 46 ಮಿಲಿಮೀಟರ್. ಪಾಯಿಂಟಿನಲ್ಲಿ ಎರಡು ಹಳಿ ಒಂದನ್ನೊಂದು ಕತ್ತರಿಸುವ ಮೂಲೆಗೆ ಫ್ರಾಗ್ ಎನ್ನುತ್ತಾರೆ. ಇನ್ಸುಲ್‌ಫ್ರಾಗ್ ಪಾಯಿಂಟಿನಲ್ಲಿ ಆ ಮೂಲೆ ಪ್ಲಾಸ್ಟಿಕ್ಕಿನದು, ಅಲ್ಲಿ ಕರೆಂಟಿಲ್ಲ. ಒಂದು ಬದಿಯ ಮೂರು ಗಾಲಿಯಲ್ಲಿ ಒಂದು ಫ್ರಾಗಿನ ಮೇಲೆ, ಇನ್ನೊಂದು ಕೂದಲೆಳೆಯಷ್ಟು ಮೇಲೆದ್ದು, ಉಳಿದ ಒಂದಕ್ಕೆ ಕೊಳೆ ಮೆತ್ತಿದ್ದರೆ ಮುಗಿಯಿತು, ಎಂಜಿನ್ ಅಲ್ಲೇ ನಿಲ್ಲುತ್ತದೆ. ಉದ್ದನೆಯ 37 ಅದೇ ಪಾಯಿಂಟನ್ನು ಲೆಕ್ಕಕ್ಕೇ ಇಡದೆ ದಾಟುತ್ತದೆ. ಗಾಲಿ ಶುದ್ಧ ಮಾಡಿದರೆ ಅರ್ಧ ಗುಣವಾಗುತ್ತದೆ. ಇದಕ್ಕೆ ಕಾಗದದ ಉಪಾಯ ಆಗದು, ಏಕೆಂದರೆ ಬೋಗಿಯಿಲ್ಲ. ಮೇಲೆಕೆಳಗಾಗಿ ಮಲಗಿಸಿ, ಕಂಟ್ರೋಲರಿನ ಎರಡು ತಂತಿಯನ್ನು ಎದುರುಬದುರಿನ ಗಾಲಿಗಳಿಗೆ ಮುಟ್ಟಿಸಿ ತಿರುಗಿಸುತ್ತಾ, ಉಳಿದ ಗಾಲಿಗಳಿಗೆ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿ ಹಿಡಿಯಿರಿ. ಹೊರಗಿನ ರಾಡುಗಳಿಗೆ ಹತ್ತಿಯ ಎಳೆ ಸಿಕ್ಕಿಕೊಳ್ಳದಂತೆ ಜೋಪಾನ.

ಪೂರ್ತಿ ಗುಣಕ್ಕೆ ಪಾಯಿಂಟನ್ನೇ ಬದಲಿಸಬೇಕು. ಮಾದರಿ ಹಳಿ ತಯಾರಿಸುವ ಪೆಕೊ ಕಂಪನಿಯವರ ಎಲೆಕ್ಟ್ರೋಫ್ರಾಗ್ ಪಾಯಿಂಟಿನಲ್ಲಿ ಫ್ರಾಗ್ ಲೋಹದ್ದು, ಕರೆಂಟಿರುತ್ತದೆ. ಆದರೆ ಫ್ರಾಗಿನಿಂದ ಹೊರಡುವ ಎರಡು ಒಳಹಳಿಗಳ ತುದಿಗೆ ಪ್ಲಾಸ್ಟಿಕ್ ಜಾಯಿನರ್ (ಹಳಿತುಂಡುಗಳನ್ನು ಜೋಡಿಸುವ ಪಟ್ಟಿ) ಹಾಕಲೇಬೇಕು. ಮರೆತರೆ ಪಾಯಿಂಟು ಹೊರಳಿಸಿದ ಕೂಡಲೇ ಶಾರ್ಟ್ ಆಗುತ್ತದೆ. ಈಚಿನ ಯೂನಿಫ್ರಾಗಿನಲ್ಲಿ ಫ್ರಾಗಿಗೆ ಒಂದು ಬಿಡಿ ತಂತಿ ಬರುತ್ತದೆ. ಬೇಡವೆಂದರೆ ಸುಮ್ಮನೆ ಬಿಡಬಹುದು, ಬೇಕೆಂದರೆ ಪಾಯಿಂಟ್ ಮೋಟರಿನ ಸ್ವಿಚ್ಚಿಗೆ ಕೊಟ್ಟು ಜೀವ ತುಂಬಬಹುದು. ಶಂಟಿಂಗ್ ಯಾರ್ಡಿನ ಮೂರ್ನಾಲ್ಕು ಪಾಯಿಂಟಿಗಾದರೂ ಇದನ್ನು ಮಾಡಿ. ಮೇನ್ ಲೈನಿನವು ಹಾಗೇ ಇರಲಿ.

ಇನ್ನು 47. ಲೀಮಾ ಇಟಲಿಯ ಕಂಪನಿ. ಅದು ಮುಚ್ಚಿದ ಮೇಲೆ 2004ರಲ್ಲಿ ಬ್ರಿಟನ್ನಿನ ಮಾದರಿ ರೈಲು ಕಂಪನಿ ಹಾರ್ನ್‌ಬಿಯವರು ಅದರ ಆಸ್ತಿ ಕೊಂಡರು, ಆ ಅಚ್ಚುಗಳಲ್ಲಿ ಕೆಲವು ಇಂದಿಗೂ ಅವರ ರೈಲ್‌ರೋಡ್ ಶ್ರೇಣಿಯಲ್ಲಿ ಬಳಕೆಯಲ್ಲಿವೆ. ಆ ಕಾಲದ ವಿನ್ಯಾಸದಲ್ಲಿ ಒಂದೇ ಬೋಗಿಗೆ ಬಲ, ಬೋಗಿಯೊಳಗೇ ಚಪ್ಪಟೆಯಾದ ಪ್ಯಾನ್‌ಕೇಕ್ ಮೋಟರ್. ಒಂದು ಬೋಗಿ ಒಂದು ಹಳಿಯಿಂದ, ಇನ್ನೊಂದು ಬೋಗಿ ಇನ್ನೊಂದು ಹಳಿಯಿಂದ ಕರೆಂಟು ತೆಗೆದುಕೊಳ್ಳುತ್ತದೆ. ಸಾಲದ್ದಕ್ಕೆ ಮೋಟರ್ ಬೋಗಿಯ ಒಂದು ಬದಿಯ ಗಾಲಿಗಳಿಗೆ ಹಿಡಿತಕ್ಕೆಂದು ರಬ್ಬರು ಬಳೆ ತೊಡಿಸಿರುತ್ತಾರೆ. ನಲವತ್ತು ವರ್ಷಕ್ಕೆ ಆ ರಬ್ಬರು ಗಟ್ಟಿಯಾಗಿ ಗಾಜಿನಂತೆ ನುಣ್ಣಗಾಗುತ್ತದೆ. ಎರಡು ಕೋಚಿಗೇ ಒದ್ದಾಡುವುದು ಇದರಿಂದ. ಅದೇ ಅಳತೆಯ ಹೊಸ ಬಳೆ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ. ಹಳೆಯದನ್ನು ಗುಂಡುಸೂಜಿಯಿಂದ ಎತ್ತಿ ತೆಗೆದು, ಗಾಲಿಯ ಕಾಲುವೆ ಒರೆಸಿ, ಹೊಸದನ್ನು ಎಲ್ಲೂ ತಿರುಚದಂತೆ ಕೂರಿಸಿ. ತಿರುಚಿದರೆ ಎಂಜಿನ್ ಕುಂಟುತ್ತದೆ.

ಗರಗರ ಸದ್ದಿಗೆ ಮೋಟರ್ ಬಿಚ್ಚಬೇಕು. ಬ್ರಷ್ ಹಿಡಿದಿರುವ ಸ್ಪ್ರಿಂಗು ಹಾರಿದರೆ ಸಿಗುವುದಿಲ್ಲ, ಆದ್ದರಿಂದ ಕೈಯನ್ನೂ ಬೋಗಿಯನ್ನೂ ಪಾರದರ್ಶಕ ಪಾಲಿಥಿನ್ ಚೀಲದೊಳಗೆ ಇಟ್ಟುಕೊಂಡು ಬಿಚ್ಚಿ. ಒಳಗೆ, ಬ್ರಷ್‌ಗಳು ಉಜ್ಜಿಕೊಂಡು ಕರೆಂಟು ಕೊಡುವ, ತಾಮ್ರದ ಮೂರು ತುಂಡಿನ ಕಮ್ಯುಟೇಟರ್ ಕಾಣುತ್ತದೆ. ಅದು ತಾಮ್ರದ ಬಣ್ಣದಲ್ಲಿರಬೇಕು, ನಿಮ್ಮದು ಬಹುಶಃ ಕರ್ರಗಿರುತ್ತದೆ. ಆಲ್ಕೊಹಾಲಿನ ಹತ್ತಿಕಡ್ಡಿಯಿಂದ ಒರೆಸಿ. ಮೂರು ತುಂಡುಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿ ಒಂದಕ್ಕೊಂದು ಶಾರ್ಟ್ ಮಾಡುತ್ತಿರುತ್ತದೆ, ಅದನ್ನು ಮರದ ಹಲ್ಲುಕಡ್ಡಿಯಿಂದ ಕೆರೆಯಿರಿ. ಪಿನ್ನು, ಬ್ಲೇಡು ಬೇಡ. ಸ್ಪ್ರಿಂಗು ಒತ್ತಲಾಗದಷ್ಟು ಬ್ರಷ್ ಸವೆದಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ. ಅಯಸ್ಕಾಂತವನ್ನು ಮಾತ್ರ ಅದರ ಜಾಗದಿಂದ ಕದಲಿಸಬೇಡಿ, ಹೊರತೆಗೆದರೆ ಬಲ ಕಳೆದುಕೊಳ್ಳುವ ಅಪಾಯವಿದೆ. ಇಷ್ಟಾದ ಮೇಲೂ ಗಾಲಿಯ ಪ್ರತಿ ಸುತ್ತಿಗೊಮ್ಮೆ ಟಕ್ ಎಂದರೆ ಯಾವುದೋ ಗಿಯರ್ ಸೀಳಿದೆ ಅಥವಾ ಹಲ್ಲು ಮುರಿದಿದೆ. ಈ ಟಕ್ ಸದ್ದು ಹೊಸ ಎಂಜಿನ್ನುಗಳಲ್ಲೂ ಬರುವುದುಂಟು. ನೈಲಾನ್ ಗಿಯರನ್ನು ಲೋಹದ ಆಕ್ಸಲ್ಲಿಗೆ ಬಿಗಿಯಾಗಿ ತೂರಿಸಿರುವುದರಿಂದ ವರ್ಷಗಟ್ಟಲೆ ಎಳೆತ ತಾಳಲಾರದೆ ಸೀಳುತ್ತದೆ. ಅಂಟು ನಿಲ್ಲುವುದಿಲ್ಲ, ಹೊಸ ಗಿಯರೇ ಬೇಕು.

ಎಣ್ಣೆಯ ವಿಷಯದಲ್ಲಿ ಕೈ ಬಿಗಿಯಿರಲಿ. ಕೆಟ್ಟ ಎಂಜಿನ್ನುಗಳಲ್ಲಿ ಹೆಚ್ಚಿನವು ಎಣ್ಣೆ ಸಾಲದೆ ಕೆಟ್ಟವಲ್ಲ, ಹೆಚ್ಚಾಗಿ ಕೆಟ್ಟವು. ಮೋಟರಿನ ಎರಡು ತುದಿಯ ಬೇರಿಂಗಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಒಂದೊಂದು ಹನಿ, ಆಕ್ಸಲ್ ತಿರುಗುವ ಜಾಗಕ್ಕೆ ಅಷ್ಟೇ. ಗಿಯರಿಗೆ ಎಣ್ಣೆಯಲ್ಲ, ಪ್ಲಾಸ್ಟಿಕ್ಕಿಗೆ ಒಗ್ಗುವ ತೆಳು ಗ್ರೀಸಿನ ಒಂದು ಸವರು. ಹೆಚ್ಚಾದ ಎಣ್ಣೆ ಶಾಫ್ಟಿನ ಗುಂಟ ಹರಿದು ಕಮ್ಯುಟೇಟರ್ ಮುಟ್ಟುತ್ತದೆ, ಅಲ್ಲಿ ಕಾರ್ಬನ್ ಪುಡಿಯ ಜೊತೆ ಸೇರಿ ಕಪ್ಪು ಕೆಸರಾಗುತ್ತದೆ. ಉಳಿದದ್ದು ಗಾಲಿಗಿಳಿದು ಹಳಿಯುದ್ದಕ್ಕೂ ಹರಡುತ್ತದೆ. ಮನೆಯಲ್ಲಿ ಬಾಗಿಲ ತಿರುಗಣೆಗೆ ಹೊಡೆಯುವ ಸ್ಪ್ರೇ ಇದಕ್ಕೆ ಸಲ್ಲದು. ಎಣ್ಣೆ ಹಾಕಿದ ಮೇಲೆ ಎಂಜಿನ್ನೊಂದನ್ನೇ, ಕೋಚಿಲ್ಲದೆ, ಅರ್ಧ ವೇಗದಲ್ಲಿ ಎರಡೂ ದಿಕ್ಕಿಗೆ ಅರ್ಧರ್ಧ ಗಂಟೆ ಓಡಿಸಿ, ಆಮೇಲೆ ಗಾಲಿ ಇನ್ನೊಮ್ಮೆ ಒರೆಸಿ.

ಹಳಿ ತಪ್ಪುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ನಾಲ್ಕು ಅಡಿ ಅಗಲದಲ್ಲಿ ಅದು ಬಂದೇ ಬರುತ್ತದೆ. ಸೆಟ್‌ಟ್ರ್ಯಾಕಿನ (ನಿಗದಿತ ಅಳತೆಯಲ್ಲಿ ತಯಾರಾಗಿ ಬರುವ ಹಳಿತುಂಡುಗಳ) ತಿರುವುಗಳಲ್ಲಿ ಮೊದಲ ರೇಡಿಯಸ್ 371 ಮಿಲಿಮೀಟರ್, ಎರಡನೆಯದು 438, ಮೂರನೆಯದು 505, ನಾಲ್ಕನೆಯದು 571.5. ಈಗಿನ ಉದ್ದ ಡೀಸೆಲ್‌ಗಳಿಗೆ ಎರಡನೆಯದೇ ಕನಿಷ್ಠ. ಮೊದಲನೆಯದನ್ನು ಕಿತ್ತುಹಾಕಿ. ನಾಲ್ಕನೆಯದು ನಿಮ್ಮ ಹಲಗೆಯಲ್ಲಿ ಅಂಚಿಗೆ ತಾಗಿದಂತೆ ಹಿಡಿಸುತ್ತದೆ. ಎಡಕ್ಕೆ ಬಾಗಿ ಕೂಡಲೇ ಬಲಕ್ಕೆ ಬಾಗುವ ಕಡೆ ನಡುವೆ ಒಂದು ಎಂಜಿನ್ನಿನಷ್ಟು ನೇರ ಹಳಿ ಇರಲಿ, 37ಕ್ಕೆ ಅದು 246 ಮಿಲಿಮೀಟರ್. ಪೆಟ್ಟಿಗೆಯ ಜೊತೆ ಬರುವ ಪುಟ್ಟ ಬ್ರೇಕ್ ಪೈಪುಗಳನ್ನು ಬಫರ್ ಬೀಮಿಗೆ (ಎಂಜಿನ್ನಿನ ತುದಿಯ ಅಡ್ಡಪಟ್ಟಿಗೆ) ಅಂಟಿಸುವ ಆಸೆ ಎಲ್ಲರಿಗೂ ಇರುತ್ತದೆ. ಅವು ತಿರುವಿನಲ್ಲಿ ಕೋಚ್ ಸಿಕ್ಕಿಸುವ ಕೊಂಡಿಗೆ ತಗುಲಿ ಬೋಗಿಯನ್ನು ಎತ್ತುತ್ತವೆ. ಕೋಚ್ ಸಿಕ್ಕಿಸದ ತುದಿಗೆ ಮಾತ್ರ ಪೈಪು ಹಾಕಿ.

ಒಂದೇ ಪಾಯಿಂಟಿನಲ್ಲಿ ಒಂದೇ ಎಂಜಿನ್ ಮತ್ತೆ ಮತ್ತೆ ತಪ್ಪಿದರೆ ವರ್ನಿಯರ್ ಕ್ಯಾಲಿಪರಿನಿಂದ ಎರಡು ಗಾಲಿಯ ಬೆನ್ನುಗಳ ನಡುವಿನ ಅಂತರ ಅಳೆಯಿರಿ. 14.4ರಿಂದ 14.5 ಮಿಲಿಮೀಟರ್ ಇರಬೇಕು. ಕಡಿಮೆಯಿದ್ದರೆ ಗಾಲಿಯ ಬೆನ್ನು ಚೆಕ್ ರೈಲಿಗೆ (ಫ್ರಾಗಿನ ಎದುರು ಗಾಲಿಗೆ ದಾರಿ ತೋರುವ ತುಂಡು ಹಳಿಗೆ) ಹತ್ತುತ್ತದೆ, ಹೆಚ್ಚಿದ್ದರೆ ಗಾಲಿಯ ಒಳಬದಿಯಲ್ಲಿ ಚಾಚಿಕೊಂಡ ಅಂಚು ಫ್ರಾಗಿನ ಮೂಗಿಗೆ ಗುದ್ದುತ್ತದೆ. ಹಳೆಯ 47ರ ಗಾಲಿಯಂಚು ಆಳ ಹೆಚ್ಚು, ಎತ್ತರ ಹೆಚ್ಚಿರುವ ಕೋಡ್ 100 ಹಳಿಯಲ್ಲಿ ಪರವಾಗಿಲ್ಲ. ತೆಳ್ಳನೆಯ ಕೋಡ್ 75 ಹಳಿಯಲ್ಲಿ ಅದು ಸ್ಲೀಪರಿನ ಮೇಲಿನ ಉಬ್ಬುಗಳಿಗೆ ಬಡಿದು ಟರ್ ಎನ್ನುತ್ತಾ ಹೋಗುತ್ತದೆ.

ಇಷ್ಟೂ ಆಗಿ, 08 ಒಂದು ಮೀಟರ್ ಹಳಿಯನ್ನು ನಿಲ್ಲದೆ ಹನ್ನೊಂದು ಸೆಕೆಂಡಿನಲ್ಲಿ ದಾಟುವಂತಾದಾಗ ಡಿಸಿಸಿ ಯೋಚಿಸಿ. ಆ ಹನ್ನೊಂದು ಸೆಕೆಂಡು ಸುಮ್ಮನೆ ಹೇಳಿದ್ದಲ್ಲ. ನಿಜವಾದ 08ರ ಗರಿಷ್ಠ ವೇಗ ಗಂಟೆಗೆ 15 ಮೈಲಿ, ಅದನ್ನು 76ರಿಂದ ಭಾಗಿಸಿದರೆ ಇಷ್ಟು ಬರುತ್ತದೆ. ಗಂಟೆಗೆ 60 ಮೈಲಿಯ 37 ಅದೇ ಮೀಟರನ್ನು ಮೂರು ಸೆಕೆಂಡಿಗೆ ತುಸು ಮೊದಲೇ ದಾಟಬೇಕು. ಕೈಗಡಿಯಾರ ಹಿಡಿದು ನೋಡಿ, ನಾವೆಲ್ಲ ಎಷ್ಟು ಜೋರಾಗಿ ಓಡಿಸುತ್ತೇವೆ ಎಂದು ಗೊತ್ತಾಗುತ್ತದೆ.

ಈಗಿನ ಮಾದರಿಯ 37ರೊಳಗೆ ಡಿಕೋಡರ್ ಸಾಕೆಟ್ ಇದ್ದೇ ಇರುತ್ತದೆ, 8 ಪಿನ್ ಅಥವಾ 21 ಪಿನ್. ಬಾಡಿ ತೆಗೆದು ಎಣಿಸಿಯೇ ಕೊಳ್ಳಿ. 8 ಪಿನ್ನಿನದಾದರೆ ಕಿತ್ತಳೆ ತಂತಿ ಒಂದನೇ ಪಿನ್ನಿಗೆ. ತಿರುಗುಮುರುಗಾದರೆ ಎಂಜಿನ್ ಓಡುತ್ತದೆ, ಲೈಟು ಹತ್ತುವುದಿಲ್ಲ, ಅದೇ ಗುರುತು. ಕೆಂಪು ಮತ್ತು ಕಪ್ಪು ಹಳಿಯಿಂದ, ಕಿತ್ತಳೆ ಮತ್ತು ಬೂದು ಮೋಟರಿಗೆ, ನೀಲಿ ಲೈಟುಗಳ ಸಾಮಾನ್ಯ ತಂತಿ, ಬಿಳಿ ಮುಂದಿನ ಲೈಟು, ಹಳದಿ ಹಿಂದಿನದು. 47ಕ್ಕೆ ಸಾಕೆಟ್ ಇಲ್ಲ, ಬೆಸುಗೆ ಹಾಕಬೇಕು. ಹಾಕುವ ಮೊದಲು ಎರಡೂ ಬ್ರಷ್‌ಗಳಿಗೂ ಗಾಲಿ, ಬೋಗಿಯ ಲೋಹಕ್ಕೂ ನಡುವೆ ಸಂಪರ್ಕವೇ ಇಲ್ಲವೆಂದು ಮಲ್ಟಿಮೀಟರಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಒಂದು ಕಡೆ ಉಳಿದುಕೊಂಡರೂ ಡಿಕೋಡರ್ ಸುಟ್ಟಂತೆಯೇ. ಮಲ್ಟಿಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ, 12 ವೋಲ್ಟಿನಲ್ಲಿ ಗಾಲಿಯನ್ನು ಒಂದು ಸೆಕೆಂಡು ತಡೆದುಹಿಡಿದು ಎಷ್ಟು ಎಳೆಯುತ್ತದೆ ನೋಡಿ. ಓಓ ಡಿಕೋಡರುಗಳು ಸಾಮಾನ್ಯವಾಗಿ 1 ಆಂಪಿಯರಿನವು, ಹಳೆಯ ಪ್ಯಾನ್‌ಕೇಕ್ ಮೋಟರ್ ಅದನ್ನು ಮೀರಬಲ್ಲದು. ನನ್ನ ಸಲಹೆ: 47 ಡಿಸಿಯಲ್ಲೇ ಇರಲಿ. ಎಂಜಿನ್ನಿಗಿಂತ ದುಬಾರಿಯಾದ ಸೌಂಡ್ ಡಿಕೋಡರನ್ನು ಅದಕ್ಕೆ ಹಾಕುವ ದುಡ್ಡಿನಲ್ಲಿ ಈಚಿನ ಅಚ್ಚಿನ 47ಕ್ಕೆ ಅರ್ಧ ಹಣ ಕೂಡುತ್ತದೆ.

ಡಿಕೋಡರಿನ ವಿಳಾಸ, ಅಂದರೆ ಆ ಎಂಜಿನ್ನನ್ನು ಕರೆಯುವ ಸಂಖ್ಯೆ, ಮೊದಲಿಗೆ 3 ಇರುತ್ತದೆ. ಎಂಜಿನ್ನಿನ ನಂಬರಿನ ಕೊನೆಯ ನಾಲ್ಕು ಅಂಕಿ ಕೊಟ್ಟರೆ ನೆನಪಿಡುವುದು ಸುಲಭ. ಡಿಕೋಡರಿನ ಸೆಟ್ಟಿಂಗುಗಳಿಗೆ ಸಿವಿ ಎನ್ನುತ್ತಾರೆ; ಸಿವಿ 29ಕ್ಕೆ 34 ಬರೆಯಿರಿ. ಇದರಿಂದ ನಾಲ್ಕಂಕಿಯ ವಿಳಾಸ ಚಾಲೂ ಆಗುತ್ತದೆ, ಡಿಸಿಯಲ್ಲಿ ಓಡುವ ಗುಣ ಆಫ್ ಆಗುತ್ತದೆ. ಆ ಗುಣ ಆನ್ ಇದ್ದರೆ ಹಳಿಯಲ್ಲಿ ಕೊಳೆ, ಶಾರ್ಟ್ ಆದಾಗ ಡಿಕೋಡರ್ ಗೊಂದಲಗೊಂಡು ಪೂರ್ತಿ ವೇಗದಲ್ಲಿ ಓಡಿಬಿಡಬಹುದು. ಆದ್ದರಿಂದಲೇ ನಿಮ್ಮ ಲೇಔಟಿನ ತಂತಿ ಗಟ್ಟಿಯಿರಬೇಕು. ಜಾಯಿನರುಗಳನ್ನು ನಂಬದೆ ಪ್ರತಿ ಹಳಿತುಂಡಿಗೂ ಕೆಳಗಿನಿಂದ ಬೇರೆ ತಂತಿ ಕೊಡಿ. ಆಮೇಲೆ ಎರಡು ಪೆನ್ಸಿನ ನಾಣ್ಯವನ್ನು ಹಳಿಗಳ ಮೇಲೆ ಅಡ್ಡ ಇಡುತ್ತಾ ಸುತ್ತು ಬನ್ನಿ. ಇಟ್ಟಲ್ಲೆಲ್ಲ ಡಿಸಿಸಿ ಪೆಟ್ಟಿಗೆ ತಕ್ಷಣ ಟ್ರಿಪ್ ಆಗಬೇಕು. ಎಲ್ಲಿ ಆಗುವುದಿಲ್ಲವೋ ಅಲ್ಲಿ ತಂತಿ ಸಾಲದು, ನಿಜವಾದ ಶಾರ್ಟ್ ಆದ ದಿನ ಬೋಗಿಯ ಪ್ಲಾಸ್ಟಿಕ್ ಕರಗುತ್ತದೆ. ಡಿಸಿ ಕಾಲದ ಎಲೆಕ್ಟ್ರಾನಿಕ್ ಹಳಿ ಕ್ಲೀನರ್ ಇದ್ದರೆ ಡಿಸಿಸಿಗೆ ಮೊದಲು ಕಿತ್ತುಹಾಕಿ.

ಕೊಳ್ಳುವ ವಿಚಾರ. ಸಿಕ್ಕಿದ್ದೆಲ್ಲ ಕೊಳ್ಳುವ ಬದಲು ಒಂದು ಕಾಲ ಆರಿಸಿಕೊಳ್ಳಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ, ಯಾಕೆಂದರೆ ಬ್ರಿಟಿಷ್ ಡೀಸೆಲ್‌ಗಳ ಮೈಮೇಲೆಯೇ ಇಸವಿ ಬರೆದಿರುತ್ತದೆ. ನಂಬರಿನ ಮುಂದೆ ಡಿ ಅಕ್ಷರವಿದ್ದು ಹಸಿರು ಬಣ್ಣವಿದ್ದರೆ 1960ರ ದಶಕ. ನೀಲಿ ಬಣ್ಣ 1965ರಿಂದ ಬಂತು. 37 401ರಂತೆ ಕ್ಲಾಸಿನಿಂದ ಶುರುವಾಗುವ ಐದಂಕಿಯ ನಂಬರು 1970ರ ದಶಕದ ಮೊದಲ ವರ್ಷಗಳ ನಂತರದ್ದು. ಮೂತಿಯ ಮೇಲಿನ ಪೆಟ್ಟಿಗೆಯಲ್ಲಿ ನಾಲ್ಕಕ್ಷರದ ರೈಲು ಸಂಕೇತವಿದ್ದರೆ 1976ಕ್ಕೆ ಮೊದಲು, ಕಪ್ಪಿನ ಮೇಲೆ ಎರಡು ಬಿಳಿ ಚುಕ್ಕಿಯಿದ್ದರೆ ಆಮೇಲೆ. ಡೆಲ್ಟಿಕ್ ಎಂದು ಹೆಸರಾದ ಕ್ಲಾಸ್ 55 ಇದ್ದದ್ದೇ 22, ಅವುಗಳ ಸೇವೆ 1982ರ ಜನವರಿ ಆರಂಭದಲ್ಲಿ ಮುಗಿಯಿತು. ಅಮೆರಿಕನ್ ವಿನ್ಯಾಸದ ಕ್ಲಾಸ್ 66 ಬಂದದ್ದು 1998ರಲ್ಲಿ. ಇವೆರಡನ್ನೂ ಒಂದೇ ನಿಲ್ದಾಣದಲ್ಲಿ ನಿಲ್ಲಿಸಿದರೆ ಬಲ್ಲವರ ಕಣ್ಣಿಗೆ ಚುಚ್ಚುತ್ತದೆ. ನಿಮ್ಮ ಮೂರಕ್ಕೂ ಒಗ್ಗುವುದು 1970ರ ದಶಕದ ಉತ್ತರಾರ್ಧದ ನೀಲಿ ಕಾಲ. 37 ಒಟ್ಟು 309, 47 ಒಟ್ಟು 512, 08 ಒಟ್ಟು 996 ತಯಾರಾಗಿದ್ದವು, ಹೀಗಾಗಿ ಈ ಮೂರು ಬಗೆಯೂ ದೇಶದ ಬಹುಭಾಗದಲ್ಲಿ ಕಾಣಸಿಗುತ್ತಿದ್ದವು. 37ರ ಬಹುಪಾಲು ಕಟ್ಟಿದ್ದು ನ್ಯೂಟನ್-ಲೆ-ವಿಲೋಸ್ ಊರಿನ ವಲ್ಕನ್ ಫೌಂಡ್ರಿ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹೊರಟ ಭಾರತದ ಮೊದಲ ಪ್ರಯಾಣಿಕ ರೈಲಿನ ಸ್ಟೀಮ್ ಎಂಜಿನ್ನುಗಳೂ ಅದೇ ಕಾರ್ಖಾನೆಯವು. ನಿಮ್ಮ 37ನ್ನು ಮನೆಗೆ ಬಂದವರಿಗೆ ತೋರಿಸುವಾಗ ಹೇಳಲೇಬೇಕಾದ ಮಾತಿದು.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಚಾಸಿ ನೋಡಿ. ಚಾಸಿ ಎರಕ ಹೊಯ್ಯುವ ಸತುವಿನ ಮಿಶ್ರಲೋಹಕ್ಕೆ ಮಝಾಕ್ ಎನ್ನುತ್ತಾರೆ. ಅದರಲ್ಲಿ ಸೀಸದ ಕಲಬೆರಕೆ ಸೇರಿದ್ದರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬಿ, ಬಿರಿದು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಎಂಜಿನ್ನನ್ನು ಗಾಜಿನ ಮೇಲಿಟ್ಟು ಕಣ್ಣಿನ ಮಟ್ಟದಲ್ಲಿ ನೋಡಿ: ನಡು ಬಾಗಿದೆಯೇ, ಬಾಡಿಯ ಎರಡು ತುದಿಯಲ್ಲಿ ಸಂದಿ ಬಿಟ್ಟಿದೆಯೇ, ಬಫರ್ ಬೀಮಿನ ಹಿಂದೆ ಕೂದಲೆಳೆಯ ಬಿರುಕಿದೆಯೇ. ಇದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಡಿ, ಇದಕ್ಕೆ ಮದ್ದಿಲ್ಲ. ಆಮೇಲೆ ಒಂದು ಆಕ್ಸಲ್ಲಿನ ಎರಡು ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎದುರುಬದುರು ತಿರುಗಿಸಿ ನೋಡಿ. ಒಂದು ಜಾರಿದರೆ ಗಾಲಿ ಸಡಿಲವಾಗಿದೆ.

ಲಾಫ್ಟು ಬೇಸಿಗೆಯಲ್ಲಿ ಕಾದು, ಚಳಿಗಾಲದಲ್ಲಿ ಥಂಡಿಯಾಗುವ ಜಾಗ. ಮೂವತ್ತು ಡಿಗ್ರಿ ವ್ಯತ್ಯಾಸಕ್ಕೆ ಒಂದು ಮೀಟರ್ ಹಳಿ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ, ಜಾಯಿನರಿನಲ್ಲಿ ಅಷ್ಟು ಸಂದಿ ಬಿಡದಿದ್ದರೆ ಹಳಿ ಮೇಲೇಳುತ್ತದೆ. ಓಡಿಸದ ಎಂಜಿನ್ನುಗಳನ್ನು ಮನೆಯೊಳಗೆ ತಂದಿಡಿ. ಹಳೆಯ ಪೆಟ್ಟಿಗೆಯ ಸ್ಪಂಜು ಅಂಟಂಟಾಗಿದ್ದರೆ ಬಿಸಾಡಿ, ಅದು ಬಣ್ಣಕ್ಕೆ ಹತ್ತಿಕೊಳ್ಳುತ್ತದೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಪ್ರತಿಯೊಂದನ್ನೂ ಹತ್ತು ನಿಮಿಷ ಓಡಿಸಿ. ಸುಮ್ಮನೆ ಇಟ್ಟ ಗ್ರೀಸು ಮೇಣದಂತೆ ಗಟ್ಟಿಯಾಗಿ ಗಿಯರನ್ನು ಹಿಡಿಯುತ್ತದೆ. ಹಾಗಾಗಿ ಹಿಡಿದಿದ್ದರೆ ಜೋರಾಗಿ ಕರೆಂಟು ಕೊಟ್ಟು ಬಿಡಿಸಲು ಹೋಗಬೇಡಿ, ಬೋಗಿಯ ಕೆಳಮುಚ್ಚಳ ತೆಗೆದು ಹಳೆಯ ಗ್ರೀಸನ್ನು ಹಲ್ಲುಕಡ್ಡಿಯಿಂದ ಕೆರೆದು ಹೊಸದನ್ನು ಸವರಿ.